ಎಲುಬಿನ ಕಪ್ಪು

“ಚಿತ್ರದಲ್ಲಿರೋ ಆ ಕಪ್ಪನ್ನ ಮಾತ್ರ ಮುಟ್ಬೇಡಿ ಸ್ವಾಮಿ,” ಎಂದಳು ಚಿತ್ರಕಾರನ ವಿಧವೆ ಓಟಿಲಿಯೆ. “ಮರಣದಂಡನೇಲಿ ತಲೆ ಕಡಿಸ್ಕೊಂಡ ಕೊಲೆಗಾರನ ರಕ್ತ ಬಣ್ಣಕ್ಕೆ ಬೆರೆಸಿ ಅವನನ್ನ ಬರೆದ್ರು ನಮ್ಮೆಜಮಾನ್ರು. ಚಿತ್ರಕ್ಕೆ ಜೀವ ಬರುತ್ತೆ ಅಂತ. ಬಂತು. ಅವನು ಮೊದಲು ಕುಯ್ದಿದ್ದು ಅವರನ್ನೇ. ಎಲುಬಿನ ಕಪ್ಪು ಬಳಿದು ನಾನೇ ಮುಚ್ಚಿದ್ದು.”

ಕಲೋನಿನಿಂದ ಬರ್ಲಿನ್ನಿಗೆ ಬಂದು ವಾರವಾಗಿದ್ದ ರೂಪ್ರೆಕ್ಟ್ ಚಿತ್ರಗಳ ಕೊಳೆ ತೆಗೆಯುವವನು. ಗ್ಯಾಲರಿ ಕೊಂಡಿದ್ದ ಈ ಚಿತ್ರ ಚೊಕ್ಕವಾದರೆ ಕೆಲಸ ಕಾಯಂ. ಎಲುಬು ಸುಟ್ಟು ಅರೆದ ಕಪ್ಪು ಪ್ರತಿ ಚಿತ್ರಕಾರನ ಪೆಟ್ಟಿಗೆಯಲ್ಲೂ ಇರುವಂಥದ್ದೇ. ಅದರಲ್ಲಿ ಮಾಟವೇನು ಬಂತು? ಅವಳು ಆಚೆ ಹೋದದ್ದೇ ತಡ, ಆ ನಡುಗುದನಿಯನ್ನು ಅಣಕಿಸಿ, ಎಡಗೈಯ ಗವಸು ಬಿಚ್ಚದ ಅವಳ ಬಿಗುಮಾನವನ್ನೂ ಆಡಿ ತೋರಿಸಿ, ನೋಡುವವರಿಲ್ಲದೆ ತಾನೇ ನಕ್ಕ.

ಕೆಲಸದ ಕೋಣೆಯ ಕಿಟಕಿಯಲ್ಲಿ ಬೆಳಗಿನ ಹನ್ನೊಂದರ ಬೆಳಕು. ಚಿತ್ರದೊಳಗೆ ಮಾತ್ರ ನಡುರಾತ್ರಿ: ಕೆಂಪು ದೀಪದ ಪಾನಗೃಹ, ಗರಿ ಟೊಪ್ಪಿಯ ಹೆಂಗಸರು, ಹಸಿರು ಮೋರೆಯ ಗಂಡಸರು, ಕಾಲಿಲ್ಲದ ಸೈನಿಕ. ಬಾಗಿಲ ಬಳಿ ಆಳಿನಾಕಾರದ ಕಪ್ಪು ಕಲೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದ. ಮೊಣಕೈ ಕಂಡಿತು. ನಿಲ್ಲಿಸಬಹುದಿತ್ತು. ಆದರೆ ಅಡಿಯ ಬಣ್ಣ ಇಣುಕಿದ ಮೇಲೆ ಕೈ ತಡೆದವನು ಆ ಕಸುಬಿನಲ್ಲೇ ಇಲ್ಲ. ಮಣಿಕಟ್ಟು ಬಂತು. ಚೂರಿ ಬಂತು.

ಸ್ಪಿರಿಟ್ಟಿನ ಘಾಟಿನೊಳಗೆ ಹುಳಿತ ಬಿಯರು ನಾರಿತು. ಚುರುಟು. ಹಸಿ ರಕ್ತ. ಎಲ್ಲೋ ಪಿಯಾನೊ. ಕಿಟಕಿಯ ಬೆಳಕು ದೀಪದಂತೆ ಆರಿತು. ಗರಿ ಟೊಪ್ಪಿಗಳೆಲ್ಲ ಒಟ್ಟಿಗೆ ಅವನತ್ತ ತಿರುಗಿದವು. ಹತ್ತಿ ಆಗ ಮುಖದ ಮೇಲಿತ್ತು. ಮುಖ ಕಣ್ಣು ಮಿಟುಕಿಸಿತು.

ಚೂರಿ ಚಿತ್ರದಿಂದ ಹೊರಚಾಚಿತು.

ಬಲಗೈ ಅಡ್ಡ ತಂದ. ಎರಡು ಬೆರಳು ನೆಲಕ್ಕುರುಳಿದವು. ಕಿರುಚಿದ. ಪಿಯಾನೊ ಜೋರಾಯಿತು. ತನ್ನ ಪೆಟ್ಟಿಗೆಯ ಕಪ್ಪನ್ನು ಎಡಗೈಯಿಂದ ಬಳಿದ. ನೀರಿನಂತೆ ಜಾರಿತು. ಮತ್ತೊಂದು ಬೀಸು. ಕಿವಿ ಹೋಯಿತು. ಒಂದು ಬೂಟು ಚೌಕಟ್ಟು ದಾಟಿತು.

ಮೆಟ್ಟಿಲಲ್ಲೇ ಕಾದು ಕೂತಿದ್ದ ಓಟಿಲಿಯೆ ಒಳನುಗ್ಗಿದಳು. ಗವಸನ್ನು ಹಲ್ಲಿನಿಂದ ಎಳೆದು ಬಿಸುಟಳು. ಎಡಗೈಯಲ್ಲಿ ಎರಡೇ ಬೆರಳು. ಚೀಲದ ಡಬ್ಬಿಯ ತಳದಲ್ಲಿ ಉಳಿದಿದ್ದ ಕಪ್ಪು ಕೆರೆದು ಆ ಬೂಟಿಗೆ ಬಳಿದಳು. ಬೂಟು ನಿಂತಿತು. ಚೂರಿಯೂ.

“ದನದ ಎಲುಬಿನ ಕಪ್ಪು ಇವನನ್ನ ಹಿಡಿಯಲ್ಲ ಕಣಪ್ಪ,” ಎಂದಳು. “ಇದು ಒಂದು ತಾಸು ತಡೀಬಹುದು. ಬೆರಳು ಎತ್ಕೊಂಡು ಒಲೆಗೆ ಹಾಕು.”

ಸುಟ್ಟರು. ಅರೆದರು. ಎಣ್ಣೆ ಬೆರೆಸಿ ಕೆಳಗಿನಿಂದ ಬಳಿಯುತ್ತ ಹೋದರು. ಕಪ್ಪು ಕುತ್ತಿಗೆಯವರೆಗಷ್ಟೇ ಸಾಕಾಯಿತು. ಮೇಲೆ ಮುಖ ಕಣ್ಣು ಮಿಟುಕಿಸುತ್ತಲೇ ಇತ್ತು.

“ನನಗೂ ಮೂರು ಬೇಕಾಯ್ತು,” ಎನ್ನುತ್ತ ಓಟಿಲಿಯೆ ಅವನ ಪೆಟ್ಟಿಗೆಯ ಉಳಿ ಎತ್ತಿಕೊಂಡಳು.

ರೂಪ್ರೆಕ್ಟ್ ಬಲಗೈಯನ್ನು ತಾನೇ ಮೇಜಿನ ಮೇಲಿಟ್ಟ. “ಬೇಗ ಮಾಡಿ,” ಎಂದ. ದನಿ ಥೇಟ್ ಅವಳದರಂತೆಯೇ ನಡುಗಿತು. ಈ ಸಲ ಅಣಕಿಸಿರಲಿಲ್ಲ.