ನೋವಿಲ್ಲದ ಕಾಲು

ವೈರ್‌ಲೆಸ್‌ನಲ್ಲಿ ಬಂದ ಸುದ್ದಿ ಇಷ್ಟೇ: ಶಿಖರದ ಟವರ್ ಹತ್ತಿದ್ದ ಮೆಕ್ಯಾನಿಕ್ ಬಿದ್ದಿದ್ದಾನೆ, ಕಾಲು ಮುರಿದಿದೆ, ಟವರ್ ಪಕ್ಕದ ಕೋಣೆಯಲ್ಲಿ ಒಲೆಯ ಗ್ಯಾಸ್ ಮುಗಿದಿದೆ. ಹೆಲಿಕಾಪ್ಟರ್ ರಿಪೇರಿಗೆ ಹೋಗಿತ್ತು. ಹಿಮದಲ್ಲಿ ನಡೆದೇ ಹೋಗಿ ಅವನನ್ನು ಕೆಳಗಿಳಿಸಬೇಕಿತ್ತು.

ಹೊರಟವರು ಮೂವರು. ಮೆಕ್ಯಾನಿಕ್‌ನ ಅಕ್ಕ, ಆಸ್ಪತ್ರೆಯ ನರ್ಸ್. ಅವಳ ಗಂಡ, ಬಂಡೆಗೆ ಹಗ್ಗ ಕಟ್ಟುವುದರಲ್ಲಿ ಎತ್ತಿದ ಕೈ. ಮತ್ತೊಬ್ಬ ಹಿಮ ತೆಗೆಯುವ ಗಾಡಿಯ ಡ್ರೈವರ್. ಪಕ್ಕದವರ ಊಟ ಅರ್ಧವಾಗುವಷ್ಟರಲ್ಲಿ ಕೈ ತೊಳೆದು ನಿಲ್ಲುವ ಆಸಾಮಿಯಾದ್ದರಿಂದ ಎಲ್ಲರಿಗೂ ಅವನು ಗಡಿಬಿಡಿ.

ಜಾರುಬಂಡಿ ಎಳೆದುಕೊಂಡು, ಏದುಸಿರು ಬಿಡುತ್ತ ಮೇಲೆ ತಲುಪಿದಾಗ ತಮ್ಮ ನಗುತ್ತ ಕೂತಿದ್ದ. ಮುರಿದ ಕಾಲಿಗೆ ತಾನೇ ಮರದ ಪಟ್ಟಿಗಳನ್ನಿಟ್ಟು, ಆಂಟೆನಾ ಕೇಬಲ್ ಸುತ್ತಿ ಬಿಗಿದಿದ್ದ. ಟವರ್‌ಗೆ ಕಟ್ಟಿದ ಕೇಬಲ್ ಎಂಥ ಗಾಳಿಗೂ ಅಲುಗಬಾರದು; ಕಾಲಿಗೂ ಅದೇ ಬಿಗಿ.

“ಹೇಗಿದೆ ನನ್ನ ಕೆಲಸ? ಈಗ ನೋವೇ ಇಲ್ಲ ಅಕ್ಕ!”

ಅಕ್ಕ ಥಟ್ಟನೆ ಅವನ ಕಾಲಿನ ಬಳಿ ಕೂತಳು. ಕೇಬಲ್ ಕತ್ತರಿಸಿ, ಸಡಿಲವಾಗಿ ಬಟ್ಟೆ ಸುತ್ತಿದಳು. ಪಾದ ಮೇಣದಂತೆ ಬಿಳಿಚಿತ್ತು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು. ಕೆಂಪು ಮರಳಲಿಲ್ಲ. ರಕ್ತ ನಿಂತು ಮರಗಟ್ಟಿದ್ದರಿಂದಲೇ ನೋವಿಲ್ಲ, ಅದು ಮತ್ತೆ ಓಡದಿದ್ದರೆ ಕಾಲನ್ನು ಕತ್ತರಿಸಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು, ತಮ್ಮನಿಗೆ ಹೇಳಲಿಲ್ಲ.

ಕತ್ತಲಲ್ಲಿ ಇಳಿಯುವಂತಿರಲಿಲ್ಲ. ಬೆಳಗಾಗುತ್ತಲೇ ಹೊರಟಾಗ ಆಕಾಶ ತೊಳೆದಿಟ್ಟಂತಿತ್ತು. ಎರಡೂ ಬದಿ ಬೆಟ್ಟಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಡುವೆ ಹೆಪ್ಪುಗಟ್ಟಿದ ಹೊಳೆ ರಸ್ತೆಯಂತೆ ಚಾಚಿಕೊಂಡಿತ್ತು. ಗಾಳಿಯ ಸುಳಿವಿಲ್ಲ, ಹೊಳೆಯ ಮೇಲೆ ತಮ್ಮನನ್ನು ಹೊತ್ತ ಜಾರುಬಂಡಿ ತಂತಾನೇ ಜಾರುತ್ತಿತ್ತು.

“ಸಿಸ್ಟರ್, ಅದೃಷ್ಟ ಅಂದ್ರೆ ಇದು! ಹೀಗೇ ಹೋದ್ರೆ ಊಟದ ಹೊತ್ತಿಗೆ ಮನೇಲಿ,” ಎಂದ ಗಡಿಬಿಡಿ.

ಬಂಡಿ ಕಲ್ಲಿಗೆ ಬಡಿದು ಎಗರಿತು. ಮೂಳೆ ಮುರಿದವನು ಚೀರಬೇಕಿತ್ತು. ತಮ್ಮ ಹಾಡು ಗುನುಗುತ್ತಿದ್ದ.

“ರೀ, ನನಗೆ ಯಾಕೋ ಭಯ ಆಗ್ತಿದೆ,” ಎಂದಳು ಅಕ್ಕ.

ಚಟ್!

ಮಂಜುಗಡ್ಡೆ ಬಿರಿಯಿತು. ಬಂಡಿಯ ಮೂತಿ ನೀರಿಗೆ ವಾಲಿತು. ಅದರಲ್ಲಿದ್ದ ಸ್ಟೋವಿನ ಚೀಲ ಮುಳುಗಿತು.

“ಹಗ್ಗ ಬಿಡಬೇಡ!” ಗಂಡ ಬಂಡೆಗೆ ಕಾಲು ಕೊಟ್ಟು ಹಿಂದಕ್ಕೆ ಬಾಗಿದ.

ಗಡಿಬಿಡಿ ಬೋರಲು ಬಿದ್ದೇ ಎಳೆದ. ಬಂಡಿ ದಡ ಸೇರಿತು. ಅಷ್ಟರಲ್ಲಿ ಹಿಮಗಾಳಿ ಎದ್ದು, ಚಾಚಿದ ಕೈಯೂ ಕಾಣದಂತಾಯಿತು.

ಬಂಡೆಯ ಮರೆಯಲ್ಲಿ ಟಾರ್ಪಾಲಿನ ಕೆಳಗೆ ನಾಲ್ವರೂ ಮುದುಡಿ ಕೂತರು. ಬೆಂಕಿಯಿಲ್ಲ, ಬಿಸಿನೀರಿಲ್ಲ. ಗಂಡ ಸ್ವೆಟರ್ ಎತ್ತಿ ಮೈದುನನ ಪಾದವನ್ನು ಬರಿ ಹೊಟ್ಟೆಗೆ ಒತ್ತಿಕೊಂಡ. ಒತ್ತಿಕೊಂಡವನ ಹಲ್ಲು ಕಟಕಟಿಸಿದವು. ಆಸ್ಪತ್ರೆಯಲ್ಲಿ ಎಷ್ಟೋ ಜೀವ ಉಳಿಸಿದ ಅಕ್ಕ ಇಲ್ಲಿ ಕೈಕಟ್ಟಿ ಕೂರಬೇಕಾಯಿತು. ಉಗುರು ಒತ್ತುವಳು, ನೋಡುವಳು, ಮುಖ ತಿರುಗಿಸುವಳು. ಸ್ವಂತ ತಮ್ಮನಿಗೆ ಆಗದ ವಿದ್ಯೆ ಯಾಕೆ ಬೇಕಿತ್ತು ಎನಿಸಿ ಅವಳಿಗೆ ಅಳು ಉಕ್ಕಿಬಂತು.

ಗಾಳಿ ನಿಲ್ಲುವ ಲಕ್ಷಣವಿರಲಿಲ್ಲ. ತಮ್ಮ ನಿದ್ದೆಹೋಗಿದ್ದ.

“ಅಯ್ಯಯ್ಯೋ! ಸತ್ತೆ! ಯಾರೋ ಕಾಲಿಗೆ ಮೊಳೆ ಹೊಡೀತಿದಾರೆ!”

ಟಾರ್ಪಾಲು ಹಾರಿಹೋಗುವಂತೆ ಅವನು ಕಿರುಚಿದ. ಅಕ್ಕ ಉಗುರು ಒತ್ತಿ ಬಿಟ್ಟಳು. ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಬಂದಂತೆ, ಕೆಂಪು ಮರಳಿತು.

“ಕಿರುಚು ಕಂದ, ಇನ್ನೂ ಕಿರುಚು,” ಎಂದು ಅವಳು ಅಳುತ್ತಲೇ ನಕ್ಕಳು.

“ನಿನಗೇನು ಹುಚ್ಚಾ?”

“ಭಾವನ ಹೊಟ್ಟೆಗೆ ಒದೀಬೇಡ, ಅಷ್ಟು ಸಾಕು,” ಎಂದ ಗಂಡ.

ಗಾಳಿ ತಗ್ಗಿದಾಗ ಇದ್ದಬದ್ದ ಉಣ್ಣೆಯನ್ನೆಲ್ಲ ಆ ಪಾದಕ್ಕೆ ಸುತ್ತಿದರು. ಗಂಡ ಬಂಡೆಯಿಂದ ಬಂಡೆಗೆ ಹಗ್ಗ ಕಟ್ಟಿದ. ಹೊಳೆ ಬಿಟ್ಟು ಕಡಿದಾದ ಬದಿಯಲ್ಲಿ ಬಂಡಿ ಇಳಿಸಿದರು. ಅಂಗೈ ಸುಲಿಯಿತು, ಗಡಿಬಿಡಿ ಎರಡು ಸಲ ಜಾರಿ ಬಿದ್ದ. ತಮ್ಮ ದಾರಿಯುದ್ದಕ್ಕೂ ಮೂವರಿಗೂ ಹಿಡಿಶಾಪ ಹಾಕಿದ. ಅವನು ಸ್ವಲ್ಪ ಸುಮ್ಮನಾದರೆ ಅಕ್ಕನಿಗೆ ಜೀವ ಹಾರುತ್ತಿತ್ತು. ಉಣ್ಣೆಯೊಳಗೆ ಕೈ ತೂರಿಸಿ ಬೇಕೆಂದೇ ಅವನ ಕಾಲ್ಬೆರಳು ಚಿವುಟುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಪಾದವನ್ನು ತಿರುಗಿಸಿ ನೋಡಿದರು. “ಎರಡು ಬೆರಳು ಹೋಗಬಹುದು. ಕಾಲು ಉಳಿಯುತ್ತೆ,” ಎಂದು ನೋವು ಕಳೆಯುವ ಇಂಜೆಕ್ಷನ್ ತೆಗೆದರು.

ಅಕ್ಕ ಅವರ ಕೈ ಹಿಡಿದಳು.

“ಒಂದು ನಿಮಿಷ ಡಾಕ್ಟರೇ. ಇನ್ನೊಂದು ಸಲ ಕೂಗಲಿ.”