ಅದು ಅಲ್ಸರ್ ಅಲ್ಲ ಅತ್ತೆ!

"ಅಪ್ಪಾ, ಒದೀ! ಒದೀ ಅಪ್ಪಾ!"

ಕಿರುಚಿ ಕಿರುಚಿ ನಸ್ಸಾಲಿಯ ಗಂಟಲು ಕಟ್ಟಿಹೋಗಿತ್ತು. ಬಾಡಿಗೆ ಬೈಕ್ ಓಡಿಸುವವರಿಗೂ ಮಾರ್ಕೆಟ್ಟಿನ ಮಾಂಸದಂಗಡಿಯವರಿಗೂ ಮ್ಯಾಚು. ಗೆದ್ದವರಿಗೆ ಒಂದು ಕೊಬ್ಬಿದ ಹೋತ. ಇಡೀ ಕಂಪಾಲಾ ಇಲ್ಲಿಗೇ ಬಂದಿದೆಯೇನೋ ಅನ್ನುವಷ್ಟು ಜನ! ಚೆಂಡು ಅವಳ ಅಪ್ಪ ಲುಟಾಯನ ಕಾಲಲ್ಲಿತ್ತು. ಗೋಲು ಎದುರಿಗೇ ಇತ್ತು.

ಅಪ್ಪ ಒದೆಯಲಿಲ್ಲ. ಎದೆ ಹಿಡಿದುಕೊಂಡು ಕುಸಿದು ಕುಳಿತ.

"ನಾಟಕ! ಪೆನಾಲ್ಟಿಗೆ ನಾಟಕ!" ಎಂದು ಮಾಂಸದಂಗಡಿಯವರು ಕೂಗಿದರು. ಅವನು ಏಳದೇ ಇದ್ದಾಗ ಅವರೂ ಓಡಿಬಂದರು. ಎಲ್ಲರೂ ಸೇರಿ ಅವನನ್ನು ನೆರಳಿಗೆ ತಂದರು.

ಅಪ್ಪನ ಅಕ್ಕ, ಅಂದರೆ ನಂಪಿಮಾ ಅತ್ತೆ, ಜನರನ್ನು ತಳ್ಳಿಕೊಂಡು ಬಂದರು. "ಅಲ್ಸರ್ರು! ಖಾಲಿ ಹೊಟ್ಟೇಲಿ ಆಡೋಕೆ ಬಂದಿದ್ದಾನೆ ಮಹಾರಾಯ. ತಣ್ಣಗಿರೋ ಹಾಲು ತನ್ರೋ!"

ಅವರ ಬೀದಿಯಲ್ಲಿ ಹೊಕ್ಕುಳಿಂದ ಗಂಟಲವರೆಗೆ ಎಲ್ಲಿ ನೋವಾದರೂ ಅದಕ್ಕೆ ಅಲ್ಸರ್ ಎಂದೇ ಹೆಸರು, ಹಾಲೇ ಮದ್ದು. ಎಲ್ಲರೂ ತಲೆಯಾಡಿಸಿದರು. ಒಬ್ಬ ಹಾಲಿಗೆ ಓಡಿದ.

ನಸ್ಸಾಲಿ ಅಪ್ಪನ ಕೈ ಹಿಡಿದಳು. ಅಂಥ ಸೆಕೆಯಲ್ಲೂ ಕೈ ತಣ್ಣಗೆ, ಬೆವರಿನಲ್ಲಿ ತೊಯ್ದಿತ್ತು.

"ಎಡಗೈ ಯಾಕೋ ಭಾರ ಕಣಮ್ಮಾ," ಎಂದ ಅಪ್ಪ ಮೆಲ್ಲಗೆ.

ಅವಳಿಗೆ ಜೀವ ಹಾರಿಹೋದಂತಾಯಿತು. ಶಾಲೆಗೆ ಬಂದಿದ್ದ ನರ್ಸ್ ಹೇಳಿದ್ದು ಇದನ್ನೇ ಅಲ್ಲವೇ? ಎದೆನೋವು, ಕೈನೋವು, ತಣ್ಣನೆಯ ಬೆವರು!

"ಅತ್ತೆ, ಇದು ಹಾರ್ಟು! ಆಸ್ಪತ್ರೆಗೆ ಹೋಗ್ಬೇಕು!"

"ಹಾರ್ಟ್ ಅಟ್ಯಾಕ್ ಬರೋದು ಮುದುಕರಿಗೆ ಕಣೇ. ಇವನಿಗಿನ್ನೂ ಮೂವತ್ನಾಲ್ಕು! ದೊಡ್ಡೋರ ಎದುರು ನಿಂತ್ಕೊಂಡು ವಾದ ಮಾಡ್ತೀಯಾ? ಮಂಡಿ ಊರು ಮೊದ್ಲು!"

ಅವರಲ್ಲಿ ಹುಡುಗಿಯರು ಹಿರಿಯರ ಜೊತೆ ಮಂಡಿಯೂರಿಯೇ ಮಾತಾಡಬೇಕು. ಅಭ್ಯಾಸಬಲದಿಂದ ನಸ್ಸಾಲಿಯ ಮಂಡಿ ಬಾಗಿತು. ಆದರೆ ಮಂಡಿ ಊರಿದರೆ ಅತ್ತೆ ಮಾತು ಮುಗಿಸುವವರೆಗೆ ಏಳುವಂತಿಲ್ಲ. ಅತ್ತೆಯ ಮಾತು ಮುಗಿಯುವುದು ಯಾವಾಗ!

ಅವಳು ನೆಟ್ಟಗೆ ನಿಂತಳು. "ಆಮೇಲೆ ಎಷ್ಟ್ ಬೇಕಾದ್ರೂ ಬೈಯಿರಿ ಅತ್ತೆ! ಮುಸೋಕೆ ಮಾಮಾ, ಬೈಕ್ ತೆಗೀರಿ!"

ಅಪ್ಪನ ಟೀಮಿನ ಕ್ಯಾಪ್ಟನ್ ಮುಸೋಕೆ ಒಮ್ಮೆ ಅಪ್ಪನ ಮುಖ ನೋಡಿದ. "ಏಯ್, ಬೈಕ್ ತೆಗೀರೋ ಎಲ್ಲಾ!"

ಮುಂದೆ ಮುಸೋಕೆ, ನಡುವೆ ಅಪ್ಪ, ಹಿಂದೆ ಅವನನ್ನು ತಬ್ಬಿ ಹಿಡಿದ ಮಾಂಸದಂಗಡಿ ಟೀಮಿನ ಗೋಲ್‌ಕೀಪರ್. ಇನ್ನೊಂದು ಬೈಕಿನಲ್ಲಿ ನಸ್ಸಾಲಿ ಮತ್ತು ಅತ್ತೆ. ಉಳಿದ ಬೈಕುಗಳೆಲ್ಲ ಹಾರ್ನ್ ಹೊಡೆಯುತ್ತಾ ಮುಂದೆ ನುಗ್ಗಿದವು. ಅಬ್ಬಾ, ಅದೇನು ಸದ್ದು! ಟ್ರಾಫಿಕ್ಕಿನಲ್ಲಿ ಮಿಸುಕಾಡದೆ ನಿಂತಿದ್ದ ಟ್ಯಾಕ್ಸಿಗಳೂ ಪಕ್ಕಕ್ಕೆ ಸರಿದವು.

"ದಾರಿ ಬಿಡಿ! ದಾರಿ!" ಎಲ್ಲರಿಗಿಂತ ಜೋರಾಗಿ ಕೂಗಿದವಳು ನಸ್ಸಾಲಿ.

ಆಸ್ಪತ್ರೆಯಲ್ಲಿ ಅಪ್ಪನ ಎದೆಗೆ ವೈರುಗಳನ್ನು ಅಂಟಿಸಿದರು. ಡಾಕ್ಟರ್ ಓಡಾಡಿದರು, ಬಾಗಿಲು ಮುಚ್ಚಿತು. ಅದು ತೆರೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು.

"ಹಾರ್ಟ್ ಅಟ್ಯಾಕೇ. ಬೇಗ ಕರ್ಕೊಂಡು ಬಂದ್ರಿ, ಉಳ್ಕೊಂಡ್ರು," ಎಂದರು ಡಾಕ್ಟರ್.

ಬೈಕಿನವರೆಲ್ಲ ಹೋ ಎಂದು ಕುಣಿದರು. ನರ್ಸ್ ಗದರಿದರೂ ಕೇಳಲಿಲ್ಲ. ನಸ್ಸಾಲಿಯೂ ಕುಣಿದಳು, ನಗುತ್ತಾ ಅತ್ತಳು.

ಅತ್ತೆ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಹೆಗಲು ನಡುಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು ಅವರೇ.

ಅತ್ತೆ ಅಲ್ಸರ್ ಅಂದದ್ದು ತಿಳಿದು ಹೇಳಿದ ಮಾತಲ್ಲ, ಅಲ್ಸರ್ರೇ ಆಗಿರಲಿ ದೇವರೇ ಎಂದು ಬೇಡಿಕೊಂಡದ್ದು ಎಂದು ನಸ್ಸಾಲಿಗೆ ಆಗ ಹೊಳೆಯಿತು.

ಅವಳು ಹೋಗಿ ಅತ್ತೆಯ ಸೊಂಟವನ್ನು ಗಟ್ಟಿಯಾಗಿ ತಬ್ಬಿಕೊಂಡಳು.