ಹಿಂದೆ ಕಟ್ಟಿದ ಕಾರು

ಬೆಳಗಿನ ಕಾಫಿ ಹಿಡಿದು ಬಂದ ವೆಂಡೆಲ್ ಕಾರಿನ ಮುಂದೆ ನಿಂತುಬಿಟ್ಟ.

ನೋರೀನಳ ಬೂದು ಬಣ್ಣದ ಪುಟ್ಟ ಕಾರಿನ ಮೂತಿಯ ಕೆಳಗೆ ನಿನ್ನೆಯವರೆಗೂ ಇಲ್ಲದ ಎರಡು ಕಬ್ಬಿಣದ ಕೊಂಡಿಗಳು ಹೊರಗೆ ಇಣುಕುತ್ತಿದ್ದವು. ಹೊಸ ಬಣ್ಣ, ಇನ್ನೂ ಧೂಳು ಕೂತಿರಲಿಲ್ಲ. ಅವು ಯಾತಕ್ಕೆ ಎಂದು ಆ ಶಿಬಿರದಲ್ಲಿ ಯಾರೂ ಕೇಳಬೇಕಾಗಿಲ್ಲ. ಮನೆಯನ್ನೇ ಹೊತ್ತು ಓಡುವ ಮೋಟಾರ್ ಹೋಮಿನ ಹಿಂದೆ ಕಾರು ಕಟ್ಟಿ ಎಳೆಯಲು ಹಾಕಿಸುವ ಕೊಂಡಿಗಳು ಅವು.

"ಯಾವಾಗ ಹಾಕಿಸ್ದೆ?"

"ನಿನ್ನೆ. ಪೇಟೆಗೆ ಹೋದಾಗ."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕಾರು ನಂದಲ್ವಾ," ಎಂದಳು ನೋರೀನ್.

ದಿನಾ ಲೋಟವನ್ನು ಅವಳ ಕೈಗೇ ಕೊಡುತ್ತಿದ್ದ. ಕೊಡುವಾಗ ಅವನ ಬೆರಳು ಅವಳ ಬೆರಳಿನ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಇಬ್ಬರೂ ಅದನ್ನು ಗಮನಿಸದವರಂತೆ ನಟಿಸುವುದು ಈ ಚಳಿಗಾಲದ ಸುಖಗಳಲ್ಲಿ ಒಂದಾಗಿತ್ತು. ಇವತ್ತು ಅವನು ಲೋಟವನ್ನು ಬಾನೆಟ್ಟಿನ ಮೇಲಿಟ್ಟು ತನ್ನ ಗಾಡಿಗೆ ಹೊರಟುಹೋದ.

ಅರಿಜೋನಾದ ಮರಳುಗಾಡಿಗೆ ಚಳಿಗಾಲ ಕಳೆಯಲು ಬಂದವರೆಲ್ಲ ಮಾರ್ಚ್ ಮುಗಿಯುವಷ್ಟರಲ್ಲಿ ಗಂಟುಮೂಟೆ ಕಟ್ಟುತ್ತಾರೆ. ಆಮೇಲಿನ ಬಿಸಿಲು ಮನುಷ್ಯರದ್ದಲ್ಲ. ಆಗಲೇ ಅರ್ಧ ಶಿಬಿರ ಖಾಲಿಯಾಗಿತ್ತು. ಗಾಡಿ ನಿಂತಿದ್ದ ಕಡೆಯೆಲ್ಲ ಎಣ್ಣೆಯ ಕಲೆ, ಕಲ್ಲು ಜೋಡಿಸಿದ ಒಲೆಯ ಗುರುತು ಮಾತ್ರ ಉಳಿದಿತ್ತು.

ನೋರೀನ್ ಕ್ಯಾನ್ಸಸ್ಸಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಯ ಹಿಂಬದಿ ಕೋಣೆಯಲ್ಲಿದ್ದು, ಈ ಚಳಿಗಾಲಕ್ಕೆಂದು ಇಲ್ಲಿ ಹಳೇ ಟ್ರೇಲರ್ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಎದುರುಗಡೆ ವೆಂಡೆಲ್‌ನ ಮೋಟಾರ್ ಹೋಮ್. ಟೆಲಿಫೋನ್ ಕಂಬ ಹತ್ತಿ ತಂತಿ ಎಳೆಯುತ್ತಿದ್ದ ಮನುಷ್ಯ. ಗಾಡಿ ಸಣ್ಣದು: ಒಂದು ಹಾಸಿಗೆ, ಒಂದು ಒಲೆ, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ನಡುದಾರಿ. ಆ ನಡುದಾರಿಯಲ್ಲಿ ಈಚೀಚೆಗೆ ಇಬ್ಬರೂ ಸರಿಯುವುದನ್ನು ಬಿಟ್ಟಿದ್ದರು.

ಬೇಸಿಗೆಗೆ ಒರೆಗಾನಿನ ಕಾಡಿನಲ್ಲಿ ಒಂದು ಶಿಬಿರ ನೋಡಿಕೊಳ್ಳುವ ಕೆಲಸ ಇಬ್ಬರಿಗೂ ಸಿಕ್ಕಿತ್ತು. ಒಟ್ಟಿಗೆ ಹೋಗುವುದು, ಒಟ್ಟಿಗೆ ಇರುವುದು, ಎಲ್ಲ ನಿಶ್ಚಯವಾಗಿತ್ತು. ಕಾರೊಂದನ್ನು ಬಿಟ್ಟು.

ವೆಂಡೆಲ್ ಹೇಳುತ್ತಿದ್ದುದು ಸುಳ್ಳೇನಲ್ಲ. ಸಣ್ಣ ಗಾಡಿ ಕೊಂಡದ್ದೇ ಎಲ್ಲಿ ಬೇಕಾದರೂ ನುಗ್ಗಲಿ, ಎಲ್ಲಿ ಬೇಕಾದರೂ ನಿಲ್ಲಲಿ ಎಂದು. ಅದಕ್ಕೊಂದು ಬಾಲ ಯಾಕೆ? ಘಾಟಿಯಲ್ಲಿ ಎಂಜಿನ್ ಏದುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಬಿಸಿಯೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರು ಕಟ್ಟಿಕೊಂಡ ಮೇಲೆ ಗಾಡಿ ಹಿಂದಕ್ಕೆ ಹೋಗಲಾರದು. ಹೋದರೆ ಕಾರಿನ ಚಕ್ರ ಅಡ್ಡ ತಿರುಗಿ ಎಳೆಯುವ ಕಂಬಿಯೇ ಮುರಿಯುತ್ತದೆ. ಇಷ್ಟೆಲ್ಲ ಹೇಳಿ ಕೊನೆಗೆ ಅವನು ಪ್ರೀತಿಯಿಂದಲೇ ಒಂದು ಮಾತು ಸೇರಿಸಿದ್ದ. "ಕಾರು ಮಾರ್ಬಿಡು. ನಿನಗೆ ಎಲ್ಲಿಗೆ ಬೇಕಾದ್ರೂ ನಾನು ಕರ್ಕೊಂಡು ಹೋಗ್ತೀನಲ್ಲ."

ಆ ಮಾತಿಗೇ ನೋರೀನ್ ಬೆಚ್ಚಿದ್ದು.

ಅವಳ ಗಂಡ ಜೆರಾಲ್ಡ್ ಕೂಡ ಒಮ್ಮೆ ಹೀಗೇ ಹೇಳಿ ಅವಳ ಕಾರನ್ನು ಮಾರಿಸಿದ್ದ. ಒಂದು ಮನೆಗೆ ಒಂದು ಕಾರು ಸಾಲದೇ ಎಂದಿದ್ದ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ಆದರೆ ಅವಳ ತಾಯಿ ದೂರದ ಊರಿನ ಆಸ್ಪತ್ರೆಯಲ್ಲಿ ಕೊನೆಯ ಉಸಿರೆಳೆಯುತ್ತಿದ್ದ ದಿನ ಅವನು ಗೆಳೆಯರೊಂದಿಗೆ ಮೀನು ಹಿಡಿಯಲು ಹೋಗಿದ್ದ, ಕಾರು ತೆಗೆದುಕೊಂಡು. ನೋರೀನ್ ಕಿಟಕಿಯ ಬಳಿ ನಿಂತು ರಸ್ತೆ ನೋಡುತ್ತಲೇ ಇದ್ದಳು. ಅವನು ಬಂದಾಗ ಸಂಜೆ. ಅಷ್ಟು ಹೊತ್ತಿಗೆ ಹೋಗಿ ಮಾಡುವುದೇನೂ ಉಳಿದಿರಲಿಲ್ಲ.

ಇದನ್ನು ಅವಳು ವೆಂಡೆಲ್‌ಗೆ ಹೇಳಿರಲಿಲ್ಲ. ಹೇಳಿದರೆ ಸತ್ತವನ ಮೇಲೆ ಚಾಡಿ ಹೇಳಿದಂತಾಗುತ್ತದೆ ಎಂದುಕೊಂಡಿದ್ದಳು. ಕಾರು ಬಿಟ್ಟು ಬರುವುದಿಲ್ಲ ಎಂದಷ್ಟೇ ಹೇಳಿದ್ದಳು. ಅದು ಹಟದ ಹಾಗೆ ಕೇಳಿಸಿತ್ತು.

ಪಕ್ಕದ ಗಾಡಿಯ ಫೇ ಬಟ್ಟೆ ಒಣಗಿಸುತ್ತ ಎಲ್ಲವನ್ನೂ ನೋಡಿದ್ದಳು. ಬಾನೆಟ್ಟಿನ ಮೇಲೆ ಆರುತ್ತಿದ್ದ ಕಾಫಿಯನ್ನೂ ನೋಡಿದಳು.

"ಒಂದು ಕಾರಿಗೋಸ್ಕರ ಗಂಡಸನ್ನ ಬಿಡ್ತೀಯೇನೇ?"

"ನೀನಾಗಿದ್ರೆ?"

ಫೇ ಕ್ಲಿಪ್ಪನ್ನು ಹಲ್ಲಿನಿಂದ ತೆಗೆದಳು. "ಗಂಡಸಿಗೋಸ್ಕರ ಕಾರು ಬಿಟ್ಟೋರನ್ನ ನಾನು ನೋಡಿದೀನಿ ಕಣೇ. ಬಸ್ ಸ್ಟಾಪಲ್ಲಿ ನಿಂತಿರ್ತಾರೆ."

ಮಧ್ಯಾಹ್ನ ಕಳೆದ ಮೇಲೆ ವೆಂಡೆಲ್ ಬಂದ. ಟೋಪಿ ಕೈಯಲ್ಲಿತ್ತು. ನಾಳೆ ಬೆಳಿಗ್ಗೆ ಕಟ್ಟಿ ನೋಡೋಣ, ನದಿಯ ತನಕ ಹೋಗಿ ಬರೋಣ ಎಂದ. ಸರಿಹೋಗದಿದ್ದರೆ ಏನು ಎಂಬುದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅದರ ಮಾರನೆಯ ದಿನಕ್ಕೆ ಇಬ್ಬರ ಸಾಮಾನೂ ಒಂದೇ ಗಾಡಿಗೆ ಏರಬೇಕಿತ್ತು. ಇಲ್ಲವಾದರೆ ನೋರೀನ್ ತಂಗಿಯ ಮನೆಯ ಹಿಂಬದಿ ಕೋಣೆಗೆ ವಾಪಸು.

ಗಾಡಿಗೆ ಕಾರು ಕಟ್ಟುವವರನ್ನು ಶಿಬಿರದಲ್ಲಿ ಯಾರೂ ಮಾತಾಡಿಸುವುದಿಲ್ಲ. ಒಂದು "ಗುಡ್ ಮಾರ್ನಿಂಗ್"ಗೆ ತಲೆಯೆತ್ತಿದರೆ ಸಾಕು, ಗೇರ್ ನ್ಯೂಟ್ರಲ್‌ಗೆ ಹಾಕುವುದೋ ಹ್ಯಾಂಡ್ ಬ್ರೇಕ್ ಇಳಿಸುವುದೋ ಮರೆತುಹೋಗಿ, ಮುಂದಿನ ಊರಲ್ಲಿ ಟೈರು ಹೊಗೆಯಾಡುತ್ತದೆ. ಮರುದಿನ ಬೆಳಿಗ್ಗೆ ನಾಯಿ ಹಿಡಿದು ಹೊರಟಿದ್ದ ಫೇ ಅವರನ್ನು ಕಂಡದ್ದೇ ದಾರಿ ಬದಲಿಸಿದಳು.

ವೆಂಡೆಲ್ ಹಿಂಬದಿಯ ಪೆಟ್ಟಿಗೆ ತೆರೆದು ತಾಡಪಾಲಿನಲ್ಲಿ ಸುತ್ತಿದ್ದ ಎಳೆಯುವ ಕಂಬಿಯನ್ನು ಹೊರತೆಗೆದ. ಇಂಗ್ಲಿಷಿನ ಎ ಅಕ್ಷರದಂಥ ಕಬ್ಬಿಣ. ನೋರೀನ್ ನೋಡಿದಳು. ಹೊಸದಲ್ಲ. ಗ್ರೀಸು ಹಚ್ಚಿ ಜೋಪಾನ ಮಾಡಿದ್ದು, ಪಿನ್ನು ಕೂರುವ ತೂತಿನ ಸುತ್ತ ಬಣ್ಣ ಸವೆದು ಬಿಳಿ ಲೋಹ ಕಾಣುತ್ತಿತ್ತು. ಇದು ಬಹಳ ದಾರಿ ಕಂಡ ಕಂಬಿ.

ಬಾಲ ಬೇಡವೆನ್ನುತ್ತಿದ್ದ ಮನುಷ್ಯನ ಪೆಟ್ಟಿಗೆಯಲ್ಲಿ ಇದು ಯಾಕಿದೆ? ಕಟ್ಟುವಾಗ ಮಾತಾಡಬಾರದು. ಅವಳು ಕಾದಳು.

ಅವನು ಮಂಡಿಯೂರಿ ಪಿನ್ನು ತೂರಿಸಿದ. ಅವಳು ಗೇರ್ ನೋಡಿದಳು, ಕೀಲಿ ಅರ್ಧ ತಿರುಗಿಸಿ ಸ್ಟೀರಿಂಗ್ ಸಡಿಲ ಬಿಟ್ಟಳು. ಅವನು ಗಾಡಿಯೊಳಗಿಂದ ಬ್ರೇಕ್ ಒತ್ತಿದಾಗ ಹಿಂದೆ ನಿಂತು, ದೀಪ ಹೊತ್ತಿತೆಂದು ಕೈಯೆತ್ತಿ ತೋರಿಸಿದಳು. ಕೈಗಳು ಒಗ್ಗಿಹೋದವರಂತೆ ಕೆಲಸ ಮಾಡಿದವು. ಮುಖಗಳು ಮಾತ್ರ ಒಂದನ್ನೊಂದು ನೋಡಲಿಲ್ಲ.

ಡಾಂಬರು ರಸ್ತೆಗೆ ಬಂದ ಮೇಲೆ ಗಾಡಿ ಸಲೀಸಾಗಿ ಓಡಿತು. ಕನ್ನಡಿಯಲ್ಲಿ ಅವಳ ಕಾರು ನಾಯಿಮರಿಯಂತೆ ಹಿಂದೆ ಬರುತ್ತಿತ್ತು. ಮಳೆ ಕಂಡಿದ್ದ ಮರಳುಗಾಡಿನ ತುಂಬ ಹಳದಿ ಹೂ. ಇನ್ನೊಂದು ದಿನವಾಗಿದ್ದರೆ ಅವನು ಗಾಡಿ ನಿಲ್ಲಿಸಿ ಒಂದನ್ನು ಕಿತ್ತು, ಅವಳ ಕಿವಿಯ ಹಿಂದಿಟ್ಟು, ಇಟ್ಟದ್ದು ಸರಿಯಾಯಿತೋ ಇಲ್ಲವೋ ಎಂದು ತಲೆ ವಾರೆ ಮಾಡಿ ನೋಡುತ್ತಿದ್ದ.

"ಈ ಕಂಬಿ ಮುಂಚೆ ಯಾವ ಕಾರು ಎಳೀತಿತ್ತು?" ಎಂದಳು ನೋರೀನ್.

ಅವನ ದವಡೆ ಬಿಗಿಯಿತು. ನದಿಯ ಸೇತುವೆ ಇನ್ನೂ ಮುಂದಿತ್ತು. ಅದಕ್ಕೆ ಮೊದಲೇ ಸಿಕ್ಕ ಎಡ ತಿರುವನ್ನು ಅವನು ನೋಡದೆ ಹಿಡಿದುಬಿಟ್ಟ. ಅವಳು ಇದಲ್ಲ ಎನ್ನುವಷ್ಟರಲ್ಲಿ ಗಾಡಿ ಕಿರಿದಾದ ಮಣ್ಣುದಾರಿಯಲ್ಲಿ ಇಳಿಯುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು. ಒಂದು ತಿರುವು ದಾಟಿದರೆ ದಾರಿಯೇ ಮುಗಿದಿತ್ತು. ಚಳಿಗಾಲದ ನೆರೆ ರಸ್ತೆಯನ್ನು ತಿಂದುಹಾಕಿ, ಅಡ್ಡಕ್ಕೆ ಯಾರೋ ಸರಪಳಿ ಬಿಗಿದಿದ್ದರು.

ತಿರುಗಿಸಲು ಜಾಗವಿಲ್ಲ. ಹಿಂದಕ್ಕೆ ಹೋಗುವಂತಿಲ್ಲ.

"ಹೇಳಿದ್ನಲ್ಲ," ಎಂದ ವೆಂಡೆಲ್, ಎಂಜಿನ್ ಆರಿಸಿ.

"ದಾರಿ ತಪ್ಪಿದ್ದು ಕಾರಲ್ಲ," ಎಂದಳು ನೋರೀನ್.

ಇಳಿದು ನೋಡಿದರು. ಇಳಿಜಾರಿನಲ್ಲಿ ಕಾರಿನ ಭಾರವೆಲ್ಲ ಕಂಬಿಯ ಮೇಲೆ ಒತ್ತಿ ಪಿನ್ನು ಕಚ್ಚಿಕೊಂಡಿತ್ತು. ಸುತ್ತಿಗೆಗೂ ಜಗ್ಗಲಿಲ್ಲ. ಉಳಿದದ್ದು ಒಂದೇ ದಾರಿ. ಒಬ್ಬರು ಕಾರಿನಲ್ಲಿ ಕೂತು ರಿವರ್ಸ್ ಗೇರಿನಲ್ಲಿ ಕೂದಲೆಳೆಯಷ್ಟು ಮೇಲಕ್ಕೆ ಸರಿಸಬೇಕು. ಒತ್ತಡ ಸಡಿಲಿದ ಕ್ಷಣದಲ್ಲಿ ಇನ್ನೊಬ್ಬರು ಪಿನ್ನು ಎಳೆಯಬೇಕು. ಬದಿಯಲ್ಲಿ ಬಂಡೆ ಇದ್ದುದರಿಂದ ಎಳೆಯುವವರು ನಿಲ್ಲಬೇಕಾದ್ದು ಗಾಡಿಗೂ ಕಾರಿಗೂ ನಡುವೆ. ಕ್ಲಚ್ಚಿನ ಮೇಲಿನ ಕಾಲು ಜಾರಿದರೆ ಕಾರು ಅವರ ಮೇಲೆ.

ಅವಳು ಸಹಾಯಕ್ಕೆ ಯಾರನ್ನಾದರೂ ಕರೆಯೋಣ ಎಂದಳು. ಅವನು ಫೋನು ನೋಡಿದ. ಸಿಗ್ನಲ್ ಇರಲಿಲ್ಲ. ನಡುವೆ ತಾನೇ ನಿಲ್ಲುತ್ತೇನೆ ಎಂದಳು. ಅವನು ತಲೆಯಲ್ಲಾಡಿಸಿದ. ಈ ಕಾರಿನ ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ನೋರೀನ್ ಕೂತು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಹಚ್ಚಿದಳು. ಮುಂಗಾಜಿನ ಆಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ವೆಂಡೆಲ್ ಬಗ್ಗಿದ. ಬಗ್ಗುವ ಮೊದಲು ಒಂದು ಸಲ ಅವಳನ್ನು ನೋಡಿದ. ನಿನ್ನೆಯಿಂದ ಅವಳಿಗೆ ಸಿಗದಿದ್ದ ನೋಟ ಅದು. ಅದರಲ್ಲಿ ಕೋಪ ಇರಲಿಲ್ಲ. ಹೆದರಿಕೆ ಇತ್ತು, ಆದರೆ ಅವನಿಗೆ ಹೆದರಿಕೆ ಕಾರಿನದ್ದಲ್ಲ ಎಂದು ಅವಳಿಗೆ ಯಾಕೋ ಅನ್ನಿಸಿತು.

ಅವಳು ಕ್ಲಚ್ಚನ್ನು ಎದೆಬಡಿತಕ್ಕಿಂತ ನಿಧಾನವಾಗಿ ಬಿಟ್ಟಳು. ಕಾರು ನಡುಗಿತು. ಹ್ಯಾಂಡ್ ಬ್ರೇಕ್ ಇಳಿಸಿದಳು. ಅವಳ ಬಲಗಾಲು, ಎಡಗಾಲು, ಅವನ ಎರಡು ಮಂಡಿ, ಇವಿಷ್ಟೇ ಲೋಕದಲ್ಲಿದ್ದದ್ದು. ಕಬ್ಬಿಣ ಕಿರ್ರೆಂದಿತು. ಅವನ ಕೈ ಮೇಲೆದ್ದಿತು. ಕೈಯಲ್ಲಿ ಪಿನ್ನಿತ್ತು.

ಇನ್ನೊಂದು ಪಿನ್ನೂ ಬಂದ ಮೇಲೆ ಅವನು ಬದಿಗೆ ಒರಗಿ, ಹೋಗು ಎಂದು ಕೈ ಬೀಸಿದ. ಅವಳು ಹಿಂದಕ್ಕೇ ಓಡಿಸಿಕೊಂಡು ತಿರುವು ದಾಟಿ ಮೇಲಿನ ರಸ್ತೆಗೆ ಬಂದಳು.

ಬಲಕ್ಕೆ ಹೆದ್ದಾರಿ. ಪರ್ಸು ಪಕ್ಕದಲ್ಲೇ ಇತ್ತು. ಈಗ ಹೊರಟರೆ ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ. ಆ ಸ್ವಾತಂತ್ರ್ಯ ಕೈಯಲ್ಲಿದ್ದಾಗ ಅವಳಿಗೆ ಒಂದು ಆಶ್ಚರ್ಯ ಕಾದಿತ್ತು. ಹೋಗಬೇಕೆಂದು ಅನ್ನಿಸಲೇ ಇಲ್ಲ. ಮತ್ತೆ ಕಟ್ಟಲು ಸಪಾಟು ನೆಲ ಬೇಕು ಎಂಬುದೊಂದೇ ತಲೆಯಲ್ಲಿತ್ತು. ಸ್ವಲ್ಪ ದೂರದಲ್ಲಿ ಲಾರಿಗಳು ತಂಗುವ ಜಲ್ಲಿಯ ಬಯಲು ಸಿಕ್ಕಿತು. ಅಲ್ಲಿ ಕಾರನ್ನು ನೇರ ನಿಲ್ಲಿಸಿ ಕಾದಳು.

ಗಾಡಿ ಬರಲಿಲ್ಲ. ಎಂಜಿನ್ನಿನ ಸದ್ದೂ ಇಲ್ಲ. ಕೊರಕಲಿನ ನೆನಪಾಯಿತು. ಕಾರು ಬಿಟ್ಟು, ಬಿಸಿಲಲ್ಲಿ ಅರ್ಧ ನಡೆದು ಅರ್ಧ ಓಡಿ, ಮಣ್ಣುದಾರಿ ಇಳಿದಳು.

ವೆಂಡೆಲ್ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದ. ಪಿನ್ನುಗಳು ಇನ್ನೂ ಅವನ ಅಂಗೈಯಲ್ಲಿದ್ದವು. ಅವಳನ್ನು ಕಂಡು ಎದ್ದ, ಮತ್ತೆ ಕೂತ.

"ಹೋದೆ ಅಂದ್ಕೊಂಡೆ," ಎಂದ.

"ಸಪಾಟು ಜಾಗ ಹುಡುಕೋಕೆ ಹೋಗಿದ್ದೆ. ಇಳಿಜಾರಲ್ಲಿ ಕಟ್ಟೋಕಾಗುತ್ತಾ?"

ಅವನು ಪಿನ್ನುಗಳನ್ನು ಅಂಗೈಯಲ್ಲಿ ಹೊರಳಿಸಿದ. ಆಮೇಲೆ ನಿಧಾನವಾಗಿ ಹೇಳಿದ. ಹೆಂಡತಿ ಕಾರ್ಲೀನ್ ಜೊತೆ ದೊಡ್ಡ ಗಾಡಿಯಲ್ಲಿ ಊರೂರು ತಿರುಗುತ್ತಿದ್ದ ಕಾಲ. ಒಂದು ಪೆಟ್ರೋಲ್ ಬಂಕಿನಲ್ಲಿ ಅವನು ಕಾಫಿ ತರಲು ಹೋಗಿದ್ದ. ಎರಡು ಲೋಟ ಹಿಡಿದು ಬಂದಾಗ ಗಾಡಿಯ ಹಿಂದೆ ಕಂಬಿ ಮಾತ್ರ ನೇತಾಡುತ್ತಿತ್ತು. ಅವಳೇ ಕಾರನ್ನು ಬಿಚ್ಚಿಕೊಂಡು ಹೋಗಿದ್ದಳು. ಪಿನ್ನುಗಳನ್ನು ಕಳೆಯಬಾರದೆಂದು ನೀಟಾಗಿ ಬಂಪರಿನ ಮೇಲಿಟ್ಟಿದ್ದಳು. ಮಾರನೆಯ ವರ್ಷ ಅವನು ಸಣ್ಣ ಗಾಡಿ ಕೊಂಡ. ಒಬ್ಬನಿಗೆ ಸಾಕೆನ್ನುವಷ್ಟು.

ನೋರೀನ್ ಅವನ ಪಕ್ಕದ ಇಷ್ಟೇ ಇಷ್ಟು ಜಾಗದಲ್ಲಿ ಕೂತಳು. ಕಿಟಕಿಯ ಬಳಿ ನಿಂತ ಆ ದಿನದ್ದನ್ನು ಹೇಳಿದಳು. ತಾಯಿಯ ಹೆಸರು, ಆಸ್ಪತ್ರೆಯಿಂದ ಬಂದ ಫೋನು, ಸಂಜೆ ಮನೆ ತುಂಬಿದ್ದ ಮೀನಿನ ವಾಸನೆ. ಹೇಳಿ ಮುಗಿಸಿದಾಗ ಅವನ ಕೈ ಅವಳ ಕೈಯ ಮೇಲಿತ್ತು. ಯಾವಾಗ ಬಂತೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ನಾನು ಕೇಳಿದ್ದು ಎಂಥಾ ಮಾತು," ಎಂದ ವೆಂಡೆಲ್. "ಮಾರು ಅಂದ್ನಲ್ಲ."

"ನಿಂಗೆ ಗೊತ್ತಿರ್ಲಿಲ್ಲ. ನಾನು ಹೇಳಿರ್ಲಿಲ್ಲ."

"ನೋಡು ನೋರೀನ್. ಕಾರು ಇರ್ಲಿ. ಕೀಲಿ ನಿನ್ನ ಹತ್ರಾನೇ ಇರ್ಲಿ. ಹೋಗ್ಬೇಕು ಅಂದ್ರೆ ಹೋಗೋಕೆ ದಾರಿ ಇರ್ಲಿ." ಅವನು ಪಿನ್ನುಗಳನ್ನು ಅವಳ ಮಡಿಲಲ್ಲಿಟ್ಟ. "ಆದ್ರೆ ಹೋಗ್ಬೇಡ. ಅಷ್ಟೇ ನಾನು ಕೇಳೋದು."

ಅವಳು ಅವನ ಟೋಪಿಯ ಅಂಚನ್ನು ಒಂದು ಬೆರಳಿನಿಂದ ಮೇಲೆತ್ತಿ, ಕಣ್ಣು ಕಾಣುವಂತೆ ಮಾಡಿಕೊಂಡಳು.

"ಹೋಗೋದಾದ್ರೆ ನಿನಗೆ ಹೇಳಿ ಹೋಗ್ತೀನಿ, ಕಾಫಿ ತರೋಕೆ ಕಳಿಸಿ ಅಲ್ಲ," ಎಂದಳು. "ಇವತ್ತಂತೂ ಎಲ್ಲೂ ಹೋಗಲ್ಲ. ನಾಳೇನೂ ಕೆಲ್ಸ ಇದೆ, ಸಾಮಾನು ಏರಿಸ್ಬೇಕು."

ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೊರೆಸಿಕೊಳ್ಳಬೇಕಾಯಿತು.

ಗಾಡಿಯನ್ನು ಹಿಂದಕ್ಕೆ ಹತ್ತಿಸುವಾಗ ನೋರೀನ್ ದಾರಿಯ ನಡುವೆ ನಿಂತು, ಎರಡೂ ಕೈಯೆತ್ತಿ, ಅಂಗುಲ ಅಂಗುಲಕ್ಕೂ ದಾರಿ ತೋರಿಸಿದಳು. ಅವನು ಕೊರಕಲನ್ನು ನೋಡಲಿಲ್ಲ. ಕನ್ನಡಿಯಲ್ಲಿ ಅವಳನ್ನೇ ನೋಡಿದ. ತಿರುವಿನಲ್ಲಿ ಒಂದು ಸಲ ಚಕ್ರ ಅಂಚು ಕೆದಕಿ ಕಲ್ಲು ಉರುಳಿತು. ಅವಳು ಅಂಗೈ ತೋರಿಸಿದಳು, ಅವನು ನಿಂತ. ಅವಳು ಎಡಕ್ಕೆಂದಳು, ಅವನು ಎಡಕ್ಕೆ ಬಂದ.

ಜಲ್ಲಿಯ ಬಯಲಿನಲ್ಲಿ ಮತ್ತೆ ಕಟ್ಟಿದರು. ಈ ಸಲ ಪಿನ್ನು ತೂರಿಸಿದ್ದು ಅವಳು. ಹಿಂದೆ ನಿಂತು ದೀಪ ನೋಡಲು ಹೋದವನು ವೆಂಡೆಲ್. ಬ್ರೇಕ್ ಒತ್ತಲು ಅವಳು ಗಾಡಿಯ ಚಾಲಕನ ಸೀಟಿಗೆ ಮೊದಲ ಬಾರಿಗೆ ಏರಿದಳು. ಕನ್ನಡಿಯಲ್ಲಿ ಅವನು ಕೈಯೆತ್ತಿ ತೋರಿಸಿದ: ಎಡ, ಬಲ, ಬ್ರೇಕ್, ಎಲ್ಲ ಸರಿಯಾಗಿವೆ.

ಇಳಿಯಲು ಅವಳು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಬದಿಯ ಬಾಗಿಲು ತೆರೆಯಿತು. ವೆಂಡೆಲ್ ಹತ್ತಿ ಕೂತು, ಸೀಟ್ ಬೆಲ್ಟ್ ಹುಡುಕಿ ಹಾಕಿಕೊಂಡು, ಟೋಪಿ ತೆಗೆದು ತೊಡೆಯ ಮೇಲಿಟ್ಟ.

"ನದಿ ಇನ್ನೂ ನೋಡಿಲ್ಲ," ಎಂದ. "ಬಲಕ್ಕೆ ತಗೋ. ತಿರುಗಿಸುವಾಗ ಸ್ವಲ್ಪ ಅಗಲಕ್ಕೆ ಹೋಗ್ಬೇಕು, ಹಿಂದೆ ಕಾರಿದೆ."

ನೋರೀನ್ ಸೀಟನ್ನು ತನ್ನ ಕಾಲಿಗೆ ಸರಿಯಾಗುವಷ್ಟು ಮುಂದಕ್ಕೆ ಎಳೆದುಕೊಂಡು, ಅಗಲಕ್ಕೆ ತಿರುಗಿಸಿದಳು.